ಎಕ್ಸ್‌ರೇ ಹೊದ್ದ ದಮ್ಮಡಿಗಳು

ಹೋದ ತಿಂಗಳು ಎಲೆಕ್ಟ್ರಿಷಿಯನ್ ಬಂದಿದ್ದ. ನಡುಮನೆಯ ದೀಪ ಮಿಣಮಿಣ ಎನ್ನುತ್ತಿತ್ತು, ಅದಕ್ಕೆ. ಏಣಿಯಿಂದ ಇಳಿದವನು ಪೂರ್ವದ ಕಿಟಕಿಯಲ್ಲಿ ತೂಗುಹಾಕಿದ್ದ ವಸ್ತುವನ್ನು ನೋಡಿ, "ಅಮ್ಮಾ, ಈ ಲ್ಯಾಂಪ್‌ಶೇಡ್‌ಗೂ ಒಂದು ಹೋಲ್ಡರ್ ಹಾಕ್ಬಿಡ್ಲಾ? ಸುಮ್ನೆ ಖಾಲಿ ಬಿಟ್ಟಿದ್ದೀರಲ್ಲ" ಎಂದ.

"ಅದು ಲ್ಯಾಂಪ್‌ಶೇಡ್ ಅಲ್ಲಪ್ಪ, ದಮ್ಮಡಿ."

"ದಮ್ಮಡೀನಾ? ಮತ್ತೆ ಒಳಗೆ ಪಕ್ಕೆಲುಬು ಕಂಡಂಗೆ ಕಾಣ್ತದಲ್ಲ?"

"ಪಕ್ಕೆಲುಬೇ."

"ಯಾರ್ದಮ್ಮಾ?"

ಅವನು ತಮಾಷೆಗೆ ಕೇಳಿದ. ಸ್ಕ್ರೂಡ್ರೈವರು ಚೀಲಕ್ಕೆ ಹಾಕಿಕೊಂಡು ಉತ್ತರಕ್ಕೆ ಕಾಯದೆ ಹೊರಟೂ ಹೋದ. ಹೋದದ್ದು ಒಳ್ಳೆಯದೇ ಆಯಿತು, ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಪ್ರಶ್ನೆಯನ್ನು ಒಬ್ಬ ಡಾಕ್ಟರು ಕೇಳಿದಾಗಲೂ ಇರಲಿಲ್ಲ.

ಕಥೆ ಹೇಳುತ್ತೇನೆ. ಆದರೆ ಮೊದಲೇ ಒಂದು ಮಾತು. ಇದನ್ನು ನಾನು ಹಲವು ಸಲ, ಹಲವರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದು ಹಳೆಯ ಮನೆಯ ಹೊಸಿಲಿನ ಹಾಗೆ ನುಣ್ಣಗಾಗಿಬಿಟ್ಟಿದೆ. ನುಣ್ಣಗಿರುವ ಕಡೆ ನಾನು ಸ್ವಲ್ಪ ಸುಳ್ಳು ಹೇಳುತ್ತಿರಬಹುದು. ತರಿಯಾಗಿರುವ ಕಡೆ ಮಾತ್ರ ಕಾಲೂರಿ ನಡೆಯಿರಿ.

ನಮ್ಮಪ್ಪನಿಗೆ ಅಜ್ಜಂಪುರದಲ್ಲಿ ಒಂದು ಅಂಗಡಿಯಿತ್ತು. ಹಗ್ಗ, ನೇಗಿಲ ಗುಳ, ಲಾಟೀನಿನ ಗಾಜು, ಎತ್ತಿನ ಕೊರಳಗಂಟೆ. ಅಂಗಡಿ ಅವನ ಕಸುಬು, ಭಜನೆ ಅವನ ಬದುಕು. ಸೋಮವಾರ ಸಂಜೆ ಮಠದ ಚಾವಡಿಯಲ್ಲಿ ತತ್ವಪದ ಹಾಡುವ ಗುಂಪಿಗೆ ಅವನೇ ಮುಂದಾಳು. ಗುಂಪಿಗೆ ಎರಡು ದಮ್ಮಡಿ, ಒಂದೇ ಹಲಸಿನ ಮರದಿಂದ ಕಡೆದ ಜೋಡಿ. ನೋಡದವರಿಗೆ ಹೇಳುವುದಾದರೆ, ದಮ್ಮಡಿ ಎಂದರೆ ಜರಡಿಯಂಥ ಮರದ ಬಳೆ. ಒಂದು ಮುಖಕ್ಕೆ ಬಿಗಿದ ತೊಗಲು, ಅಂಚಿನ ಕಂಡಿಗಳಲ್ಲಿ ತಗಡಿನ ಬಿಲ್ಲೆಗಳು. ಎಡಗೈಯಲ್ಲಿ ಹಿಡಿದು ಬಲಗೈಯ ಬೆರಳಲ್ಲಿ ಬಾರಿಸುವುದು. ಒಂದು ಅಪ್ಪನ ಕೈಯಲ್ಲಿ, ಇನ್ನೊಂದು ಶಿವಣ್ಣ ಮೇಷ್ಟ್ರ ಕೈಯಲ್ಲಿ. ಯಾವುದು ಯಾರದು ಎಂಬ ಭೇದವಿರಲಿಲ್ಲ, ಮೊಳೆಯಿಂದ ತೆಗೆದವರ ಕೈಗೆ ಸಿಕ್ಕಿದ್ದೇ ಅವರದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದಲೇ ತೊಂದರೆ.

ತೊಗಲಿನ ದಮ್ಮಡಿಗೆ ದೊಡ್ಡವರ ಮನೆಯ ಹೊಸ ಸೊಸೆಯ ಸ್ವಭಾವ. ಗಾಳಿ ತಣ್ಣಗಾದರೆ ಮುನಿಯುತ್ತದೆ. ಆಷಾಢದ ಜಿಟಿಜಿಟಿಯಲ್ಲಂತೂ ಬಾರಿಸಿದರೆ 'ದೊಪ್' ಎನ್ನುವುದು, ನೆನೆದ ಗೋಣಿಚೀಲಕ್ಕೆ ಗುದ್ದಿದ ಹಾಗೆ. ಹಾಡಿಗೆ ಮುಂಚೆ ಚಾವಡಿಯ ಅಂಗಳದಲ್ಲಿ ಕಾಯಿಮಟ್ಟೆಗೆ ಬೆಂಕಿ ಹಾಕಿ, ಅದರ ಸುತ್ತ ಕೂತು, ದಮ್ಮಡಿಯನ್ನು ಮಗುವಿನ ಬೆನ್ನು ಕಾಯಿಸುವಂತೆ ಹಿಂದೆ ಮುಂದೆ ತಿರುಗಿಸಿ ಕಾಯಿಸಬೇಕು. ಅರ್ಧ ಗಂಟೆಯಾದರೂ ಹಿಡಿಯುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಊರಿನ ಎಲ್ಲ ಸುದ್ದಿಯೂ ಕಾಯುತ್ತಿತ್ತು. ನಡುನಡುವೆ ಅಪ್ಪ ಉಗುರಿನಿಂದ ತೊಗಲನ್ನು ಚಿಮ್ಮಿ ಕಿವಿಗೊಡುವನು. "ಇನ್ನೂ ನಿದ್ದೆಗಣ್ಣಲ್ಲೈತೆ" ಎನ್ನುವನು. ಮತ್ತಷ್ಟು ಸುದ್ದಿ.

ತೊಗಲು ಹರಿದರೆ ದುರ್ಗಪ್ಪ ಬರುತ್ತಿದ್ದ. ಊರಾಚೆಯ ಕೇರಿಯವನು. ನಮ್ಮ ಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ, ಮನೆಗೆ ಬೆನ್ನು ಮಾಡಿ ಕೂತು ಕೆಲಸ ಮಾಡುವನು. ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಹೆರೆದ ಆಡಿನ ತೊಗಲನ್ನು ಬಗಲಲ್ಲಿ ಒದ್ದೆಬಟ್ಟೆಯಂತೆ ಹಿಡಿದು ತರುತ್ತಿದ್ದ. ಎಮ್ಮೆದೊಡ್ಡಿ ಕಾವಲಿನ ಅಂಚಲ್ಲಿ ಮೇಯ್ದ ಆಡೇ ಆಗಬೇಕು ಎನ್ನುವುದು ಅವನ ವಾದ. ಅಲ್ಲಿನ ಹುಲ್ಲು ತಿಂದದ್ದಕ್ಕೆ ದನಿ ಬೇರೆ ಎನ್ನುತ್ತಿದ್ದ. ಹುಣಸೆಬೀಜ ಅರೆದ ಅಂಟು ಸವರಿ, ತೊಗಲೆಳೆದು, ಹಗ್ಗ ಸುತ್ತಿ, ಎರಡು ದಿನ ಬಿಸಿಲಿಗಿಡುವನು. ಒಣಗಿದ ಮೇಲೆ ಮೊದಲ ಏಟು ಅವನದೇ. ಅದು ನಿಯಮ. ಒಂದೇ ಏಟು. ಹೊಡೆಯುವ ಮುನ್ನ ತುಟಿಯಲ್ಲೇ ಏನೋ ಅನ್ನುವನು. ಆಮೇಲೆ ಅವ್ವ ದಮ್ಮಡಿಗೆ ವಿಭೂತಿ ಬಳಿದು ದೇವರ ಮನೆಗೆ ಒಯ್ಯುವಳು. ದಮ್ಮಡಿ ಒಳಗೆ ಹೋಗುತ್ತಿತ್ತು, ದುರ್ಗಪ್ಪ ಕಟ್ಟೆಯ ಮೇಲೇ ಇರುತ್ತಿದ್ದ. ಇದು ನನಗೆ ಆಗ ವಿಚಿತ್ರ ಅನ್ನಿಸಿತ್ತು ಎಂದು ಬರೆದರೆ ನನಗೆ ಗೌರವ. ಅನ್ನಿಸಿರಲಿಲ್ಲ.

ಈಗ ನಾನು. ಎಪ್ಪತ್ತೇಳೋ ಎಪ್ಪತ್ತೆಂಟೋ, ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಕುತ್ತಿಗೆಯವರೆಗೆ ಗುಂಡಿಯಿರುವ ಕಾಲರ್ ಬ್ಲೌಸ್ ತೊಡುತ್ತಿದ್ದೆ. ಓದಿದವಳ ಗುರುತು ಅದು. ಎಲ್ಲವನ್ನೂ ಸುಧಾರಿಸಬೇಕೆಂಬ ಚಪಲ ಬೇರೆ. ಒಲೆಗೆ ಹೊಸ ತರಹದ ಹೊಗೆಕೊಳವೆ ಮಾಡಿಸಿ ಅಡುಗೆಮನೆ ತುಂಬ ಹೊಗೆ ತುಂಬಿಸಿದ್ದೆ. ಗಡಿಯಾರಕ್ಕೆ ಎಣ್ಣೆ ಬಿಟ್ಟು ನಿಲ್ಲಿಸಿದ್ದೆ. ನನ್ನ ಮುಂದಿನ ಪ್ರಯೋಗ ದಮ್ಮಡಿ.

ತರೀಕೆರೆಯ ಸಂತೆಯಲ್ಲಿ ಒಬ್ಬ ತಮಟೆಗೆ ಎಕ್ಸ್‌ರೇ ಫಿಲ್ಮ್ ಬಿಗಿದದ್ದನ್ನು ಕಂಡಿದ್ದೆ. ಜಿಟಿಜಿಟಿ ಮಳೆ. ಬೆಂಕಿಯಿಲ್ಲ, ಕಾಯಿಸುವುದಿಲ್ಲ, 'ಟಣ್' ಎನ್ನುತ್ತಿತ್ತು. ನಮ್ಮ ಮನೆಯ ಅಟ್ಟದಲ್ಲಿ ಕಂದು ಲಕೋಟೆಯಲ್ಲಿ ಎರಡು ಎಕ್ಸ್‌ರೇಗಳು ಬಿದ್ದಿರುವುದು ನೆನಪಾಯಿತು.

ಆ ಎಕ್ಸ್‌ರೇಗಳದ್ದು ಹೀಗೆ. ಅದರ ಹಿಂದಿನ ಚಳಿಗಾಲದಲ್ಲಿ ಅಪ್ಪ ಅವ್ವ ಇಬ್ಬರಿಗೂ ಕೆಮ್ಮು ಹಿಡಿದಿತ್ತು. ನಾನೇ ಇಬ್ಬರನ್ನೂ ತರೀಕೆರೆಗೆ ಕರೆದೊಯ್ದಿದ್ದೆ. ಎದೆಯ ಚಿತ್ರ ತೆಗೆಯುವವನು ಇಬ್ಬರಿಗೂ, "ಕೊರಳಲ್ಲಿರೋದು ತೆಗ್ದಿಡಿ" ಎಂದ. ಕೊರಳಲ್ಲಿ ಇದ್ದದ್ದು ಕರಡಿಗೆ, ಇಷ್ಟಲಿಂಗವನ್ನು ಇಡುವ ಬೆಳ್ಳಿಯ ಭರಣಿ. ದೀಕ್ಷೆಯಾದ ದಿನದಿಂದ ಚಿತೆಯವರೆಗೆ, ಅಂದರೆ ನಮ್ಮಲ್ಲಿ ಗುಂಡಿಯವರೆಗೆ, ಅದನ್ನು ಮೈಯಿಂದ ಬೇರೆ ಮಾಡುವಂತಿಲ್ಲ. "ಆಗಾಕಿಲ್ಲ" ಎಂದ ಅಪ್ಪ. "ಜೀವ ಹೋದ್ರೂ ಆಗಾಕಿಲ್ಲ" ಎಂದಳು ಅವ್ವ. "ಹಂಗಾದ್ರೆ ಹೆಗಲ ಮೇಲಿಂದ ಬೆನ್ನಿಗಾದ್ರೂ ಹಾಕ್ಕಳಿ, ಮುಂದ್ಗಡೆ ಅಡ್ಡ ಬರುತ್ತೆ" ಎಂದು ಅವನು ಗೊಣಗಿದ. ಇಬ್ಬರೂ ಹಸಿರು ಪರದೆಯ ಒಳಗೆ ಹೋದರು. ನಾನು ಹೊರಗೆ ಬೆಂಚಿನ ಮೇಲೆ ವಾರಪತ್ರಿಕೆಯೊಂದರ ಧಾರಾವಾಹಿ ಓದುತ್ತ ಕೂತೆ.

ಸ್ವಲ್ಪ ಹೊತ್ತಿಗೆ ಪರದೆಯ ಸಂದಿಯಿಂದ ಒಂದು ಕೈ ಬಂತು. ನನ್ನ ಅಂಗೈಗೆ ಒಂದು ಕರಡಿಗೆ ಇಟ್ಟಿತು. ಬೆಚ್ಚಗಿತ್ತು, ಮೈಯ ಬಿಸಿ. ಕೋಳಿಮೊಟ್ಟೆಯಷ್ಟು ಭಾರ. ಮತ್ತೆ ಸ್ವಲ್ಪ ಹೊತ್ತಿಗೆ ಕೈ ಬಂತು, ವಾಪಸ್ ಕೊಟ್ಟೆ. ನಾನು ತಲೆ ಎತ್ತಿ ನೋಡಲಿಲ್ಲ. ಧಾರಾವಾಹಿಯಲ್ಲಿ ನಾಯಕಿ ಬಾವಿಯ ಕಟ್ಟೆ ಹತ್ತಿದ್ದಳು. ಅವಳು ಹಾರಿದಳೋ ಇಲ್ಲವೋ ನೆನಪಿಲ್ಲ, ಕೈ ಯಾರದೆಂದೂ ನೆನಪಿಲ್ಲ. ಕೆಲವು ವರ್ಷ ಆ ಕೈಗೆ ಬಳೆ ಇತ್ತು ಎನ್ನಿಸುತ್ತದೆ. ಕೆಲವು ವರ್ಷ ಮಣಿಕಟ್ಟಿನ ಮೇಲೆ ಕೂದಲಿತ್ತು ಎನ್ನಿಸುತ್ತದೆ.

ಅಲ್ಲಿನ ಡಾಕ್ಟರು ಎರಡೂ ಫಿಲ್ಮನ್ನು ಬೆಳಕಿಗೆ ಹಿಡಿದು, "ಇದ್ರಲ್ಲಿ ಒಂದು ಸಣ್ಣ ಕಲೆ ಇದೆ. ಹಳೇದು, ಆರಿಹೋಗಿರೋದು. ಗಾಬರಿ ಬೇಡ" ಎಂದರು. ಯಾರ ಮುಖ ನೋಡಿ ಹೇಳಿದರು? ಅಪ್ಪ ತನ್ನ ಮುಖವೆಂದ. ಅವ್ವ ತನ್ನ ಮುಖವೆಂದಳು. ನನಗೆ ನೆನಪಿರುವಂತೆ ಡಾಕ್ಟರು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು.

ಬಸ್ಸಿನಲ್ಲಿ ಅಪ್ಪ ಹೆಮ್ಮೆಯಿಂದ, "ನಾನಂತೂ ತೆಗೀಲಿಲ್ಲಪ್ಪ. ಬೆನ್ನಿಗೆ ಹಾಕ್ಕಂಡೆ" ಎಂದ.

"ನಾನೂ ಅಷ್ಟೆ" ಎಂದಳು ಅವ್ವ.

ನಾನು ಇಬ್ಬರನ್ನೂ ನೋಡಿದೆ. ಇಬ್ಬರೂ ಕಿಟಕಿಯಾಚೆ ನೋಡುತ್ತಿದ್ದರು.

ಇಂಥ ಎರಡು ಫಿಲ್ಮ್‌ಗಳನ್ನು ಅಟ್ಟದಿಂದ ಇಳಿಸಿ ನಾನು ದುರ್ಗಪ್ಪನ ಮುಂದೆ ಹಿಡಿದೆ. ಅವನು ಬಿಸಿಲಿಗೆ ಎತ್ತಿ ನೋಡಿದ.

"ಏನವ್ವಾ ಇದು? ಯಾರ್ದೋ ಗೂಡು."

"ಫಿಲ್ಮು. ಇದನ್ನ ಬಿಗಿ. ಹರಿಯಲ್ಲ, ನೆನೆಯಲ್ಲ, ಕಾಯಿಸೋದೇ ಬೇಡ."

"ಹಂಗಾದ್ರೆ ನಾನೂ ಬ್ಯಾಡ ಅನ್ನು" ಎಂದು ನಕ್ಕ. ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿದ. ಹುಣಸೆ ಅಂಟು ಸವರಿದರೆ ಅದು ಎಲೆಯ ಮೇಲಿನ ನೀರಿನಂತೆ ಜಾರಿಹೋಯಿತು. "ನೋಡವ್ವಾ, ಅಂಟೂ ಕುಡಿಯಾಕಿಲ್ಲ ಇದು. ಹೊಟ್ಟೆ ಇಲ್ದಿದ್ದು" ಎಂದ. ಕೊನೆಗೆ ಹಿತ್ತಾಳೆಯ ಸಣ್ಣ ಮೊಳೆ ಹೊಡೆದ. ಎಲ್ಲಿಂದ ಕತ್ತರಿಸಲಿ ಎಂದು ಅವನು ಕೇಳಿದ್ದಕ್ಕೆ, ಕಪ್ಪಗಿರುವ ಭಾಗ ಚೆನ್ನಾಗಿ ಕಾಣುತ್ತದೆಂದು, ಎದೆಯ ಮೇಲ್ಭಾಗಕ್ಕೆ ತಟ್ಟೆ ಬೋರಲಿಟ್ಟು ಗೀರು ಹಾಕಿಕೊಟ್ಟವಳು ನಾನು. ಹೆಸರು, ನಂಬರು ಇದ್ದ ಅಂಚುಗಳು ಕಟ್ಟೆಯ ಕೆಳಗೆ ಬಿದ್ದವು. ಅವನ್ನು ಗುಡಿಸಿ ತಿಪ್ಪೆಗೆ ಹಾಕಿದವಳೂ ನಾನೇ. ಮನೆಯಲ್ಲಿ ಇಂಥ ಅಚ್ಚುಕಟ್ಟಿಗೆ ನನಗೆ ಹೆಸರಿತ್ತು.

ಬಿಗಿದಾದ ಮೇಲೆ, "ಮೊದಲ ಏಟು ಹಾಕು ದುರ್ಗಪ್ಪ" ಎಂದ ಅಪ್ಪ.

ದುರ್ಗಪ್ಪ ದಮ್ಮಡಿಯನ್ನು ಕಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡ. "ಇದ್ಕೆ ನಾನ್ ಹಾಕಾಕಿಲ್ಲ ಬುದ್ದಿ. ಮೊದಲ ಏಟು ಹಾಕೋದು ಆ ಜೀವಾನ ಕೇಳ್ಕಳಾಕೆ, ತಪ್ಪಾಯ್ತು, ಇನ್ಮೇಲೆ ನೀನು ಹಾಡು ಅಂತ. ಇದ್ರಾಗೆ ಯಾರನ್ನ ಕೇಳ್ಕಳ್ಳಿ? ಇದು ನಿಮ್ದೇ ತೊಗಲು. ನೀವೇ ಹಾಕ್ಕಳಿ."

ಅವನು ತುಟಿಯಲ್ಲಿ ಅನ್ನುತ್ತಿದ್ದುದು ಏನೆಂದು ನಮಗೆ ತಿಳಿದದ್ದು ಅಂದೇ. ಅಪ್ಪ ಒಂದು ಏಟು ಹಾಕಿದ. 'ಟಣ್' ಎಂದಿತು. ಅಡುಗೆಮನೆಯಿಂದ ಅವ್ವ, "ಏನ್ರೀ ಅದು, ತಗಡಿನ ಮ್ಯಾಲೆ ಕಲ್ಲು ಬಿದ್ದಂಗೆ!" ಎಂದು ಕೂಗಿದಳು.

ಆದರೂ ನಡೆಯಿತು. ಸೋಮವಾರ ಬೆಂಕಿ ಹಾಕುವುದು ನಿಂತಿತು. ಜನ ಬಂದೊಡನೆ ಹಾಡು, ಹಾಡು ಮುಗಿದೊಡನೆ ಮನೆ. ಮೊದಲು ಅರ್ಧ ಗಂಟೆ ಉಳಿಯಿತು ಎಂದು ಎಲ್ಲರಿಗೂ ಸಂತೋಷ. ವರ್ಷ ಕಳೆದ ಮೇಲೆ ಒಂದು ದಿನ ಶಿವಣ್ಣ ಮೇಷ್ಟ್ರು, "ಗಿರಿಜಾ, ಈಗ ಊರಲ್ಲಿ ಯಾರು ಯಾರಿಗೆ ಏನಾಗ್ಬೇಕು ಅಂತಲೇ ಗೊತ್ತಾಗ್ತಿಲ್ಲ ಕಣಮ್ಮ" ಎಂದರು. ಮಟ್ಟೆಯ ಬೆಂಕಿಯನ್ನು ನಾನು ಆರಿಸಿದ್ದೆ ಎನ್ನುವುದು ಅವರ ಮಾತಿನ ಅರ್ಥವಿರಬೇಕು. ಅಥವಾ ಅವರಿಗೆ ವಯಸ್ಸಾಗಿತ್ತು.

ಆರೇಳು ವರ್ಷ ಆ ದಮ್ಮಡಿಗಳು ಬಾರಿಸಿಕೊಂಡವು. ಅಷ್ಟರಲ್ಲಿ ನಾನು ಕಡೂರಿನ ಒಂದು ಶಾಲೆಯಲ್ಲಿ ಟೀಚರಾಗಿದ್ದೆ, ಶನಿವಾರ ರೈಲಿನಲ್ಲಿ ಊರಿಗೆ ಬರುತ್ತಿದ್ದೆ. ಒಂದು ಶನಿವಾರ ಅವ್ವ ಕೆಮ್ಮುತ್ತಿದ್ದಳು. ಮುಂದಿನ ಶನಿವಾರವೂ. ಮೂರನೆಯ ಶನಿವಾರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ನಾನು ಒಳಗೆ ಬಂದೊಡನೆ ಹಿತ್ತಿಲಿಗೆ ಹೋದಳು. ಅವಳನ್ನೂ ಅಪ್ಪನನ್ನೂ ಕಡೂರಿಗೆ ಕರೆತಂದು ಅವಳ ಎಕ್ಸ್‌ರೇ ತೆಗೆಸಿದೆ. ಪರದೆಯೊಳಗೆ ಹೋಗುವ ಮುಂಚೆ ಅವಳು ಕರಡಿಗೆಯ ದಾರ ಉದ್ದಮಾಡಿ ಸೊಂಟದವರೆಗೆ ಇಳಿಬಿಟ್ಟಳು. ಈ ಸಲದ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಕಡಿಮೆ.

"ಬಲಗಡೆ, ಕೊರಳೆಲುಬಿನ ಕೆಳಗೆ, ಒಂದು ಕಲೆ ಇದೆ" ಎಂದರು. "ಇದು ಹಳೇದಾಗಿದ್ರೆ ಚಿಂತೆಯಿಲ್ಲ. ಹೊಸದಾದ್ರೆ ಕ್ಷಯ ಅಂತ್ಲೇ ತಿಳ್ಕೊಂಡು ತೊಂಬತ್ತು ಇಂಜೆಕ್ಷನ್, ದಿನಕ್ಕೊಂದು, ಒಂದು ದಿನಾನೂ ತಪ್ಪಂಗಿಲ್ಲ. ಬಿಟ್ರೆ ಜೀವಕ್ಕೇ ಬರುತ್ತೆ. ಹಿಂದೆ ಯಾವಾಗಾದ್ರೂ ಫಿಲ್ಮ್ ತೆಗ್ಸಿದ್ರಾ? ಇದ್ರೆ ತನ್ನಿ. ಎರಡೂ ಪಕ್ಕಪಕ್ಕ ಇಟ್ರೆ ಒಂದು ನಿಮಿಷದಲ್ಲಿ ಹೇಳ್ತೀನಿ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದ.

"ಐತೆ ಸಾರ್" ಎಂದ ಅಪ್ಪ. "ಆದ್ರೆ ಅದು ಭಜನೆ ಮಾಡ್ತೈತೆ."

ಅಂದೇ ಊರಿಗೆ ಮರಳಿ, ಮಾರನೆಯ ದಿನ ಎರಡು ದಮ್ಮಡಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಅಪ್ಪ ಅವ್ವ ರೈಲಿನಲ್ಲಿ ಬಂದರು. ನಾನು ಬೀರೂರಿಗೇ ಹೋಗಿ ಅಲ್ಲಿಂದ ಅವರ ಜೊತೆ ಹತ್ತಿದೆ. ರೈಲು ಕುಲುಕಿದಂತೆಲ್ಲ ಟವೆಲಿನೊಳಗೆ ಬಿಲ್ಲೆಗಳು ಝಲ್ ಝಲ್ ಎನ್ನುತ್ತಿದ್ದವು. ಎದುರು ಸೀಟಿನವನೊಬ್ಬ, "ಏನ್ ಯಜಮಾನ್ರೇ, ಭಜ್ನೆಗಾ? ಇಲ್ಲೇ ಒಂದು ಪದ ಬಿಡಿ, ದೇವನೂರ್ ಕಡೆಯೋರು ನಾವು, ಕೇಳ್ತೀವಿ" ಎಂದ. ಅಪ್ಪ ಎಂಥವನೆಂದರೆ ಹೆಣದ ಮನೆಯಲ್ಲೂ ಕೇಳಿದರೆ ಹಾಡುವವನು. ಅಂದು ಮಾತ್ರ, "ಇಲ್ಲಪ್ಪಾ, ಇವುಕ್ಕೆ ಮೈ ಸರಿ ಇಲ್ಲ, ಡಾಕ್ಟ್ರತ್ರ ಒಯ್ತಾ ಇದೀವಿ" ಎಂದ. ಎದುರಿನವನು ಸ್ವಲ್ಪ ದೂರ ಸರಿದು ಕೂತ.

ಡಾಕ್ಟರು ಮೊದಲನೆಯ ದಮ್ಮಡಿಯನ್ನು ದೀಪದ ಪೆಟ್ಟಿಗೆಯ ಮುಂದೆ ಹಿಡಿದರು. ಝಲ್ ಎಂದಿತು. ಹೊರಗಿನ ರೋಗಿಗಳೆಲ್ಲ ಬಾಗಿಲಲ್ಲಿ ಇಣುಕಿದರು. "ಒಳಗೆ ಯಾರಿಗೋ ಮೈದುಂಬೈತೆ ಕಣ್ರೀ" ಎಂದು ಯಾರೋ ಅಂದದ್ದು ಕೇಳಿಸಿತು.

"ಹೂಂ. ಕಲೆ ಇದೆ. ಅದೇ ಜಾಗ, ಅದೇ ಅಳತೆ" ಎಂದರು ಡಾಕ್ಟರು. ನನಗೆ ಕೂತಿದ್ದ ಕುರ್ಚಿ ಹಗುರಾದಂತಾಯಿತು. ಅವರು ಎರಡನೆಯದನ್ನು ಹಿಡಿದರು. ಹತ್ತಿರ ಹಿಡಿದರು, ದೂರ ಹಿಡಿದರು, ತಿರುಗಿಸಿದರು.

"ಇದೇನಿದು? ಸರಿಯಾಗಿ ಅದೇ ಜಾಗದಲ್ಲಿ? ಬೆಳ್ಳಗೆ, ಮೊಟ್ಟೆ ಹಂಗೆ?"

ಮೂವರೂ ಬಗ್ಗಿ ನೋಡಿದೆವು, ಬೆಳಕಿಗೆ ಹಿಡಿದು ನೋಡಿದ್ದು ಅದೇ ಮೊದಲು. ಪಕ್ಕೆಲುಬುಗಳ ಮೇಲೆ, ಕೊರಳೆಲುಬಿಗೆ ತಾಗಿ, ಅಚ್ಚ ಬಿಳಿಯ ಒಂದು ಅಂಡಾಕಾರ. ಅದರ ನೆತ್ತಿಯ ಮೇಲೆ ದಾರ ಪೋಣಿಸುವ ಎರಡು ಕುಣಿಕೆಗಳು ಕೂಡ ಸ್ಪಷ್ಟ.

"ಶಿವನೇ" ಎಂದ ಅಪ್ಪ. ಕುರ್ಚಿಯಿಂದ ಎದ್ದುಬಿಟ್ಟ. "ಆರು ವರ್ಷ ಇದ್ರ ಮ್ಯಾಲೆ ಬಡ್ದಿದ್ದೀನಲ್ಲೇ!"

ಡಾಕ್ಟರಿಗೆ ಕರಡಿಗೆಯ ವಿಷಯ ಬಿಡಿಸಿ ಹೇಳಬೇಕಾಯಿತು. ಬೇರೆ ಕಡೆಯವರು ಅವರು. ಕೇಳಿ, ತಲೆಯಾಡಿಸಿ, ಕಾಗದದ ಮೇಲೆ ಎರಡು ವೃತ್ತ ಬರೆದು ನಮಗೇ ಪಾಠ ಮಾಡಿದರು. ಲೆಕ್ಕ ಸರಳವಾಗಿತ್ತು. ಒಂದು ಫಿಲ್ಮಿನಲ್ಲಿ ಕಲೆ ಇದೆ, ಕರಡಿಗೆ ಇಲ್ಲ. ಅದು ಕರಡಿಗೆ ತೆಗೆದವರ ಎದೆ. ಇನ್ನೊಂದರಲ್ಲಿ ಕರಡಿಗೆ ಇದೆ, ಅದರ ಹಿಂದೆ ಕಲೆ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಅದು ತೆಗೆಯದವರ ಎದೆ. ಅವ್ವ ಅಂದು ಕರಡಿಗೆ ತೆಗೆದಿದ್ದರೆ ಅವಳ ಕಲೆ ಹಳೆಯದು, ಮನೆಗೆ ಹೋಗಬಹುದು. ತೆಗೆದಿರದಿದ್ದರೆ ಆ ಹಳೆಯ ಕಲೆ ಅಪ್ಪನದು, ಅವ್ವನದು ಹೊಸದಿರಬಹುದು, ನಾಳೆಯಿಂದಲೇ ಇಂಜೆಕ್ಷನ್.

"ಕೆಳಗಿನ ಭಾಗ ಇದ್ದಿದ್ರೆ ಗಂಡಸಿಂದೋ ಹೆಂಗಸಿಂದೋ ನಾನೇ ಹೇಳ್ತಿದ್ದೆ" ಎಂದರು. "ಸರಿಯಾಗಿ ಅಲ್ಲೀವರೆಗೆ ಕತ್ತರಿಸಿದ್ದೀರಿ. ಅಂಚಲ್ಲಿ ಹೆಸರೂ ಇಲ್ಲ. ಯಾರು ಕತ್ತರಿಸಿದ್ದು?"

ನಾನು ನನ್ನ ಚೀಲದಲ್ಲಿ ಏನನ್ನೋ ಹುಡುಕಿದೆ.

"ಸರಿ, ಹೇಳಿ. ತೆಗ್ದೋರು ಯಾರು?"

ಇಲ್ಲಿ ನಾನು ನಿಧಾನಿಸಬೇಕು. ಆರು ವರ್ಷ ಮನೆಯಲ್ಲಿ ಇಬ್ಬರೂ "ನಾನು ತೆಗೀಲಿಲ್ಲ" ಎನ್ನುತ್ತ ಬಂದವರು. ಹಬ್ಬದ ದಿನ ಬೀಗರ ಮುಂದೆ ಕೂಡ ಹೇಳಿಕೊಂಡವರು. ಈಗಲೂ ಹಾಗೇ ಹೇಳುತ್ತಾರೆ, ಡಾಕ್ಟರು ನಮ್ಮನ್ನು ಹೊರಗೆ ಹಾಕುತ್ತಾರೆ ಎಂದುಕೊಂಡೆ.

"ನಾನೇ ತೆಗ್ದಿದ್ದು ಸಾಮಿ" ಎಂದಳು ಅವ್ವ. ಬೇಳೆ ಆರಿಸುವಾಗ ಮಾತಾಡುವಷ್ಟು ಸಲೀಸಾಗಿ. "ಹೆದ್ರಿಕೆ ಆಯ್ತು, ತೆಗ್ದು ಮಗಳ ಕೈಗೆ ಕೊಟ್ಟೆ. ಇವ್ರು ತೆಗೀಲಿಲ್ಲ. ಕಲೆ ನಂದೇ. ಹಳೇದು."

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವ್ವ ಹಾಗೆ ಹೇಳಿದರೆ ಅಪ್ಪನ ಮಾನ ಉಳಿಯುತ್ತದೆ. ಮಠದ ಚಾವಡಿಯಲ್ಲಿ ಮುಂದೆ ಕೂತು ಹಾಡುವವನು ಒಬ್ಬ ಎಕ್ಸ್‌ರೇಯವನ ಮಾತಿಗೆ ಲಿಂಗ ತೆಗೆದ ಎಂಬ ಮಾತು ಹುಟ್ಟುವುದಿಲ್ಲ. ಇದನ್ನೆಲ್ಲ ತೂಗಿ ನೋಡದೆ ಅವಳು ಬಾಯಿ ಬಿಡುವವಳಲ್ಲ. ಆದರೆ ಅದು ಸುಳ್ಳಾದರೆ? ಒಳಗೆ ಹೊಸ ಕಲೆಯನ್ನು ಇಟ್ಟುಕೊಂಡು ಅವಳು ಮನೆಗೆ ಹೋಗುತ್ತಾಳೆ.

"ಸುಳ್ಳು" ಎಂದ ಅಪ್ಪ. ದನಿ ಏರಲಿಲ್ಲ. "ತೆಗ್ದೋನು ನಾನು. ಅವ್ಳು ತೆಗೀಲಿಲ್ಲ."

"ಏನ್ ಮಾತಾಡ್ತೀರಿ? ನಿಮ್ಗೆ ನೆನಪಿಲ್ಲ."

"ನಂಗೆ ನೆನಪೈತೆ ಕಣೇ."

"ಬಸ್ನಾಗೆ ತೆಗೀಲಿಲ್ಲ ಅಂದ್ರಿ!"

"ನೀನೂ ಅಂದೆ!"

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಹೊರಗೆ ಕೂತಿದ್ರಿ. ನಿಮ್ಮ ಕೈಗೆ ಕೊಟ್ಟೋರು ಯಾರು?"

"ಪರದೆಯಿಂದ ಕೈ ಬಂತು ಸಾರ್. ನಾನು ನೋಡ್ಲಿಲ್ಲ. ಓದ್ತಾ ಇದ್ದೆ."

"ಏನ್ ಓದ್ತಿದ್ರಿ?"

"ಧಾರಾವಾಹಿ."

ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ನನ್ನ ಓದು, ನನ್ನ ಬಿ.ಎ., ನನ್ನ ಸುಧಾರಣೆ ಎಲ್ಲ ಆ ಮುಚ್ಚಳದ ಟಕ್ ಸದ್ದಿನಲ್ಲಿ ಮುಗಿಯಿತು. ಎರಡು ಮಾತಿನಲ್ಲಿ ಒಂದನ್ನು ಆರಿಸಿ ಹೇಳಿಬಿಡು ಎಂದು ನನ್ನೊಳಗೆ ಯಾರೋ ಅನ್ನುತ್ತಿದ್ದರು. ಬಳೆ ಇತ್ತು ಅನ್ನು. ಕೂದಲಿತ್ತು ಅನ್ನು. ನನಗೆ ಕಂಡದ್ದು ಬರೀ ಕರಡಿಗೆಯ ಬಿಸಿ.

ಆಗ ಅಪ್ಪ ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ತನ್ನ ಕರಡಿಗೆಯನ್ನು ಹೊರಗೆ ತೆಗೆದು ಮುಷ್ಟಿಯಲ್ಲಿ ಹಿಡಿದ. ಅಪ್ಪ ಆಣೆ ಇಡುವವನಲ್ಲ. ಅಂಗಡಿಯಲ್ಲಿ ಗಿರಾಕಿ "ಆಣೆ ಮಾಡಿ ಹೇಳಿ" ಎಂದರೆ, "ಬೇರೆ ಅಂಗಡಿಗೆ ಹೋಗಪ್ಪಾ" ಎನ್ನುವವನು.

"ಇದ್ರಾಣೆ" ಎಂದ. "ಇದನ್ನ ಅವತ್ತು ತೆಗ್ದೋನು ನಾನು. ಅವಳಿಗೆ ಸೂಜಿ ಹಾಕಿ."

ಅವ್ವ ಏನೋ ಹೇಳಲು ಬಾಯಿ ತೆರೆದಳು. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಸೆರಗು ಮಡಿಸಿಕೊಂಡು ನೆಲ ನೋಡುತ್ತ ಕೂತಳು.

ಅವನ ಆಣೆ ನಿಜವಾಗಿದ್ದರೆ ಅವನು ಆರು ವರ್ಷ ಹೇಳಿದ್ದು ಸುಳ್ಳು. ಸುಳ್ಳಾಗಿದ್ದರೆ, ಅವಳು ಬದುಕಲಿ ಎಂದು ಲಿಂಗ ಹಿಡಿದು ಸುಳ್ಳಾಡಿದ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ. ಈಗೀಗ ಎರಡೂ ತಪ್ಪಾಗಿ ಕಾಣುತ್ತಿಲ್ಲ, ಅದೇ ಗೊಂದಲ.

ತೊಂಬತ್ತು ಇಂಜೆಕ್ಷನ್ ಆದವು. ಅಜ್ಜಂಪುರದಲ್ಲೇ ಹಾಕುವ ವ್ಯವಸ್ಥೆಯಾಯಿತು. ಅಪ್ಪ ದಿನಾ ಅಂಗಡಿಯ ಬಾಗಿಲು ಎಳೆದು ಅವಳ ಜೊತೆ ಹೋಗುತ್ತಿದ್ದ. ಊರಲ್ಲಿ ಯಾರಾದರೂ ಕೇಳಿದರೆ ಅವ್ವ, "ಶಕ್ತಿಗೆ" ಎನ್ನುತ್ತಿದ್ದಳು. ಕೆಮ್ಮು ನಿಂತಿತು. ಸೂಜಿಯಿಂದ ನಿಂತಿತೋ, ತಾನಾಗಿ ನಿಂತಿತೋ, ಕೇಳಬೇಡಿ. ಅವಳು ಆಮೇಲೆ ಬಹಳ ವರ್ಷ ಇದ್ದಳು. ಅಪ್ಪ ಅವಳಿಗಿಂತ ಮೊದಲು ಹೋದ. ಎದೆಯಿಂದಲ್ಲ, ಬಚ್ಚಲಲ್ಲಿ ಜಾರಿ. ಕಥೆಗೆ ಹೊಂದುವಂತೆ ಸಾಯುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ದಮ್ಮಡಿಗಳ ವಿಷಯ ಉಳಿಯಿತು. ಕಡೂರಿನಿಂದ ಬಂದ ವಾರವೇ ಅಪ್ಪ ದುರ್ಗಪ್ಪನನ್ನು ಕರೆಸಿದ. "ಈ ಪ್ಲಾಸ್ಟಿಕ್ ಎಲ್ಲ ಕಿತ್ತಾಕು. ತೊಗಲೇ ಬಿಗಿ" ಎಂದ. ಕಲೆಯಿದ್ದ ದಮ್ಮಡಿಯ ಮೊಳೆಗಳನ್ನು ದುರ್ಗಪ್ಪ ಒಂದೊಂದಾಗಿ ಕಿತ್ತ. ಎರಡನೆಯದನ್ನು ಮುಂದಿಡುವಾಗ ಅಪ್ಪ ತಡವರಿಸಿದ. ಅದರೊಳಗೆ ಲಿಂಗದ ಗುರುತಿದೆ, ಕಿತ್ತ ಮೇಲೆ ಎಸೆಯುವಂತಿಲ್ಲ, ಸುಡುವಂತಿಲ್ಲ, ಹಾಗೆಂದು ಬಾರಿಸುವಂತೆಯೂ ಇಲ್ಲ ಎಂದು ವಿವರಿಸಿದ.

ದುರ್ಗಪ್ಪ ಕೈ ಹಿಂದಕ್ಕೆಳೆದುಕೊಂಡ. "ದೇವ್ರೈತೆ ಅಂತೀರಿ. ಹಂಗಾದ್ರೆ ನಾನು ಮುಟ್ಬೋದಾ ಬುದ್ದಿ?"

ಅಪ್ಪ ಟವೆಲಿನ ತುದಿಯಿಂದ ದಮ್ಮಡಿಯ ಅಂಚು ಒರೆಸಿದ.

"ಅವತ್ತು ಬಿಸ್ನೀರಾಗೆ ಅದ್ದಿ, ಮೊಣಕಾಲಾಗೆ ಒತ್ತಿ ಹಿಡ್ದು, ಮೊಳೆ ಹೊಡ್ದೋನು ನಾನೇ" ಎಂದ ದುರ್ಗಪ್ಪ. "ಅವತ್ತೂ ಇತ್ತಲ್ಲ ಅದು, ಒಳ್ಗೆ." ಅವನು ನಗಲಿಲ್ಲ, ಸಿಟ್ಟೂ ಇರಲಿಲ್ಲ. ಲೆಕ್ಕ ತಪ್ಪಿದವನಿಗೆ ಲೆಕ್ಕ ತೋರಿಸುವ ದನಿ. ನಾನು ಬಾಗಿಲಲ್ಲಿ ನಿಂತಿದ್ದೆ. ಆ ದಿನ ವಿಚಿತ್ರ ಅನ್ನಿಸಿತು. ಇದು ನಿಜ, ತರಿಯಾಗಿಯೇ ಇದೆ.

ಅಪ್ಪ ಆ ದಮ್ಮಡಿಯನ್ನು ಕೀಳಿಸಲಿಲ್ಲ. ಇನ್ನೊಂದಕ್ಕೆ ಆಡಿನ ತೊಗಲು ಏರಿತು. ಎರಡು ದಿನ ಬಿಸಿಲು ಕುಡಿಯಿತು. ಮೂರನೆಯ ದಿನ ದುರ್ಗಪ್ಪ ಅದನ್ನು ಎತ್ತಿ, ತುಟಿಯಲ್ಲಿ ಮಾತಾಡಿ, ಒಂದು ಏಟು ಹಾಕಿದ. ಅಡುಗೆಮನೆಯಲ್ಲಿದ್ದ ಅವ್ವ 'ಹಾಂ' ಎಂದಳು, ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ. ಸೋಮವಾರ ಚಾವಡಿಯ ಅಂಗಳದಲ್ಲಿ ಮಟ್ಟೆಗೆ ಬೆಂಕಿ ಬಿತ್ತು. ಶಿವಣ್ಣ ಮೇಷ್ಟ್ರು ಎಲ್ಲರಿಗಿಂತ ಮೊದಲು ಬಂದು ಕೂತರು. ಆ ಸಲ ಬೆಂಕಿಯ ಸುತ್ತ ಯಾವ ಸುದ್ದಿ ನಡೆಯಿತು ಎಂದು ಊಹಿಸಬಲ್ಲಿರಿ. ಅಪ್ಪ ತಾನೇ ಹೇಳಿದನಂತೆ, "ನಾನು ತೆಗ್ದಿದ್ದೆ ಕಣ್ರಪ್ಪಾ, ತರೀಕೆರೇಲಿ." ದಮ್ಮಡಿ ಕಾದಿತ್ತು, ಹಾಡಿಗೆ ಎದ್ದರಂತೆ.

ಬಾರಿಸಬಾರದ ದಮ್ಮಡಿ ದೇವರ ಮನೆಯ ಮೊಳೆಗೆ ಹೋಯಿತು.

ಕೊನೆಯ ಇಂಜೆಕ್ಷನ್ ಆದ ಶನಿವಾರ ನಾನು ಊರಲ್ಲಿದ್ದೆ. ಅವ್ವ ಹಿತ್ತಿಲಲ್ಲಿ ತೋಳಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಈಗಲಾದರೂ ಹೇಳುತ್ತಾಳೆಂದು, "ಅವ್ವಾ, ನಿಜ ಹೇಳು. ತೆಗ್ದಿದ್ದು ಯಾರು? ಆ ಕೈ ಯಾರ್ದು?" ಎಂದೆ.

ಅವಳು ಗಂಟನ್ನು ಬಿಸಿ ಹೆಂಚಿನ ಮೇಲಿಟ್ಟಳು. ತಿರುಗಿ ನನ್ನ ಕಾಲರಿನ ಮೇಲಿನ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದಳು. ಬಿಚ್ಚಲಿಲ್ಲ, ಸುಮ್ಮನೆ ಹಿಡಿದಳು.

"ನಾವಿಬ್ರೂ ತೆಗ್ದ್ವಿ ಅಂತ್ಲೇ ಇಟ್ಕೋ" ಎಂದಳು. "ನೀನ್ ತೆಗ್ದಿದ್ದು ಯಾವತ್ತೇ, ಅದ್ ಹೇಳು."

ನಾನು ಹೇಳಲು ಹೊರಟೆ. ಹಾಸ್ಟೆಲಿನಲ್ಲಿ, ಎನ್ನಬೇಕೆಂದಿದ್ದೆ. ಯಾವ ವರ್ಷ? ಸ್ನಾನಕ್ಕೆ ಹೋದಾಗಲೇ, ದಾರ ಕಿತ್ತಾಗಲೇ, ಯಾರೋ ಗೆಳತಿ ನಕ್ಕಾಗಲೇ? ನನ್ನ ಕರಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟೆನೇ, ಪುಸ್ತಕದ ಕಪಾಟಿನಲ್ಲೇ? ಅಪ್ಪ ಅವ್ವಂದಿರ ಒಂದು ದಿನವನ್ನು ಮೂರು ತಿಂಗಳು ಕೆದಕಿದವಳಿಗೆ ತನ್ನದೇ ದಿನ ಸಿಗಲಿಲ್ಲ. ಆಣೆ ಮಾಡಿ ಹೇಳೋಣವೆಂದರೆ ಹಿಡಿದುಕೊಳ್ಳಲು ಕೊರಳಲ್ಲಿ ಏನೂ ಇರಲಿಲ್ಲ.

ಅವ್ವ ಗುಂಡಿ ಬಿಟ್ಟು, ಹೆಂಚಿನ ಮೇಲಿನ ಗಂಟು ಮುಟ್ಟಿ ನೋಡಿ, "ಕಾದೈತೆ, ಕೊಡು ಇಲ್ಲಿ" ಎಂದಳು.

ಅವ್ವನ ನಂತರ ಆ ದಮ್ಮಡಿ ನನ್ನ ಪಾಲಿಗೆ ಬಂತು, ಈಗ ನನ್ನ ಕಿಟಕಿಯಲ್ಲಿದೆ. ಬೆಳಿಗ್ಗೆ ಬಿಸಿಲು ಅದರ ಹಿಂದೆ ಬರುತ್ತದೆ. ಎದೆಯ ಕಪ್ಪಿನಲ್ಲಿ ಬೆಳಕು ನಿಲ್ಲುತ್ತದೆ, ಪಕ್ಕೆಲುಬುಗಳಲ್ಲಿ ಅರ್ಧಂಬರ್ಧ ಸೋಸುತ್ತದೆ. ಕರಡಿಗೆ ಇದ್ದ ಜಾಗ ಮಾತ್ರ ಸ್ವಚ್ಛ ಬಿಳಿಯದು. ಅಲ್ಲಿಂದ ಬಿಸಿಲು ತಡೆಯಿಲ್ಲದೆ ತೂರಿ ನನ್ನ ನೆಲದ ಮೇಲೆ ಒಂದು ಮೊಟ್ಟೆಯಷ್ಟು ಬೆಳಕು ಬೀಳುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅದು ಕುರ್ಚಿಯವರೆಗೆ ಬರುತ್ತದೆ. ಯಾರೂ ಇಲ್ಲದಾಗ ಕೆಲವು ದಿನ ನಾನು ಅಂಗೈ ಒಡ್ಡುತ್ತೇನೆ. ಬೆಚ್ಚಗಿರುತ್ತದೆ. ತಲೆ ಎತ್ತಿ ನೋಡುತ್ತೇನೆ, ಈಗ ನಾನು ಏನೂ ಓದುತ್ತಿರುವುದಿಲ್ಲ.